ಒಂದು ‘ಆತ್ರಿ’ ನಂಬಿ ನಾರ್ವೆಗೆ

ಬೆಟಗೇರಿ

ಮೊಸರಲ್ಲಿ ಕಲ್ಲು ಹುಡುಕುವವಳು ಎಂದು ನಮ್ಮವ್ವ ನನ್ನನ್ನು ಬೈಯುತ್ತಾಳೆ. ಅದರಲ್ಲಿ ಸುಳ್ಳೇನಿಲ್ಲ. ಮೊದಲು ಶಿರಹಟ್ಟಿ, ಆಮೇಲೆ ಲಕ್ಷ್ಮೇಶ್ವರ, ಈಗ ಮುಂಡರಗಿ ಎಂದು ಇಪ್ಪತ್ತಾರು ವರ್ಷ ಕನ್ನಡ ಕಲಿಸುತ್ತ, ಹುಡುಗರ ನೆಪಗಳನ್ನು ಕೇಳುತ್ತ ಬಂದವಳು ನಾನು. ಒಬ್ಬನೇ ಹುಡುಗನ ಒಬ್ಬಳೇ ಅಜ್ಜಿ ಒಂದೇ ವರ್ಷದಲ್ಲಿ ನಾಲ್ಕು ಸಲ ತೀರಿಕೊಂಡದ್ದನ್ನು ಕಂಡಿದ್ದೇನೆ. ಹೀಗಾಗಿ ಯಾರಾದರೂ ಹರೆಯದವರು ‘ನಮ್ಮೂರು ನಾವೇ ಸುಧಾರಿಸುತ್ತೇವೆ’ ಎಂದು ಎದ್ದು ನಿಂತರೆ, ಫೋಟೊ ಹೊಡೆಯುವವನು ಎಲ್ಲಿ ನಿಂತಿದ್ದಾನೆ ಎಂದು ನನ್ನ ಕಣ್ಣು ಮೊದಲು ಹುಡುಕುತ್ತದೆ. ನಮ್ಮ ಕಾಲೇಜಿನ ಸಸಿ ನೆಡುವ ಕಾರ್ಯಕ್ರಮದಲ್ಲಿ ಒಂದು ಬೇವಿನ ಸಸಿಗೆ ಹನ್ನೊಂದು ಕೈಗಳು ಹತ್ತಿದ್ದವು. ಮರುದಿನ ನೀರು ಹಾಕಲು ಒಂದು ಕೈಯೂ ಬರಲಿಲ್ಲ.

ಅಂಥವಳ ತಲೆಗೇ ಕಾಲೇಜಿನ ಸೇವಾ ಘಟಕ ಕಟ್ಟಿದ್ದರು. ಹೋದ ಚಳಿಗಾಲದಲ್ಲಿ ನಾರ್ವೆ ದೇಶದಿಂದ ಒಂದು ಪತ್ರ ಬಂತು. ತಮ್ಮ ಊರಿನ ಹೊಣೆ ತಾವೇ ಹೊತ್ತು ಏನಾದರೂ ಮಾಡಿ ಮುಗಿಸಿದ ಯುವಕ ಯುವತಿಯರ ಒಂದು ವಾರದ ಸಭೆ. ಆಯ್ಕೆಯಾದ ವಿದ್ಯಾರ್ಥಿಯ ಜೊತೆ ಒಬ್ಬ ಅಧ್ಯಾಪಕರೂ ಬರಬಹುದು. ನನಗೆ ತಕ್ಷಣ ನೆನಪಾದವಳು ರೇಷ್ಮಾ. ಡೋಣಿ ಎಂಬ ಹಳ್ಳಿಯ ಹುಡುಗಿ, ಬಿ.ಎ. ಎರಡನೇ ವರ್ಷ. ಅವಳ ತಂದೆ ಹತ್ತಿ ಹಿಂಜಿ ಗಾದಿ ಹೊಲಿಯುತ್ತಾರೆ. ಅವರ ಊರಿನ ಬಸ್ ತಂಗುದಾಣದಲ್ಲಿ ಅರ್ಧ ಜಾಗ ದನಗಳ ಮೇವಿಗೆಂದು ಒಟ್ಟಿದ ಜೋಳದ ಕಣಿಕಿಯ ಬಣವಿಗೆ, ಇನ್ನರ್ಧ ಇಸ್ಪೀಟು ಆಡುವವರಿಗೆ. ಶಾಲೆ ಕಾಲೇಜಿಗೆ ಹೋಗುವ ಹುಡುಗಿಯರು ಎದುರಿಗಿನ ರಸ್ತೆಯಲ್ಲಿ ಬಿಸಿಲಿಗೆ ನಿಲ್ಲಬೇಕು. ಹಾಗೆ ನಿಂತು ನಿಂತು, ಆಡುವವರ ಮಾತು ಕೇಳಿ ಕೇಳಿ, ಇಬ್ಬರು ಹುಡುಗಿಯರು ಓದೇ ಬಿಟ್ಟಿದ್ದರು. ಆ ತಂಗುದಾಣವನ್ನು ತೆರವು ಮಾಡಿ, ಸುಣ್ಣ ಹಚ್ಚಿ, ಹುಡುಗಿಯರು ಕುಳಿತುಕೊಳ್ಳುವ ಹಾಗೆ ಮಾಡುತ್ತೇನೆಂದು ರೇಷ್ಮಾ ತರಗತಿಯಲ್ಲಿ ಎಲ್ಲರೆದುರು ಹೇಳಿದ್ದಳು.

ಅರ್ಜಿ ಕಳಿಸುವ ಕೊನೆಯ ದಿನ ನಾನು ಗದಗಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ಅವಳಿಗೆ ಫೋನು ಮಾಡಿದೆ. ಸುತ್ತ ಕಂಡಕ್ಟರುಗಳ ಕೂಗು, ಎಂಜಿನ್ನುಗಳ ಸದ್ದು.

“ರೇಷ್ಮಾ, ಆ ಬಸ್ ಸ್ಟ್ಯಾಂಡಿನ ಕೆಲಸಾ ಆತೇನವಾ?”

“ಏನ್ರಿ ಮೇಡಂ? ಕೇಳವಲ್ದರಿ!”

“ಬಸ್ ಸ್ಟ್ಯಾಂಡಿನ ಕೆಲಸಾ!”

“ಆತ್ರಿ ಮೇಡಂ!”

ಅರ್ಜಿಯಲ್ಲಿ ‘ಕೆಲಸ ಪೂರ್ಣಗೊಂಡಿದೆ’ ಎಂದು ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ. ತಕ್ಕಡಿ ನೋಡದೆ ತರಕಾರಿ ಕೊಳ್ಳದವಳು ನಾನು, ಅಂದು ಒಂದು ಫೋಟೊ ಸಹ ಕೇಳಲಿಲ್ಲ. ಯಾಕೆಂದರೆ ನನಗೂ ನಾರ್ವೆ ನೋಡುವ ಆಸೆಯಿತ್ತು. ಇದನ್ನು ಹೇಳಲು ಈಗ ನಾಚಿಕೆಯಾಗುತ್ತದೆ.

ರೇಷ್ಮಾ ಆಯ್ಕೆಯಾದಳು. ಹೊರಡುವ ದಿನ ಅವಳ ತಂದೆ ಬೆಟಗೇರಿಗೆ ನಮ್ಮ ಮನೆಗೇ ಬಂದರು. “ಮೇಡಂ, ಹೆಣ್ಣ ಹುಡಿಗೀನ ಪರದೇಶಕ್ಕ ಕಳಸ್ತೀ ಏನ ಅಂತ ಮಂದಿ ಬಾಯಿಗೆ ಬಂದಂಗ ಆಡ್ಯಾರ್ರಿ. ನಾ ನಿಮ್ಮ ಮಾತಿನ ಮ್ಯಾಲ ಕಳಸಾಕತ್ತೇನಿ. ಈಕಿ ಛಲೋ ಹೆಸರ ತಗೊಂಡ ಬಂದ್ರ ನಮ್ಮೂರಾಗ ಇನ್ನ ನಾಕ ಹುಡಿಗ್ಯಾರ ಕಾಲೇಜಿಗೆ ಹೊಕ್ಕಾರ. ಇಲ್ಲಾಂದ್ರ ಹೋಗಾಕ ಹತ್ತಿದವರನ್ನೂ ಬಿಡಸ್ತಾರ್ರಿ” ಎಂದರು. “ನೀವೇನೂ ಕಾಳಜಿ ಮಾಡಬ್ಯಾಡ್ರಿ” ಎಂದೆ ನಾನು.

ಬರ್ಗೆನ್

ನಾರ್ವೆಯ ಬರ್ಗೆನ್ ಊರಿನಲ್ಲಿ ಮಳೆ ನಿಲ್ಲುವುದೇ ಇಲ್ಲ. ನಮ್ಮ ಕಡೆ ಮಳೆ ಬಂದರೆ ಜನ ಮುಗಿಲು ನೋಡಿ ಕೈ ಮುಗಿಯುತ್ತಾರೆ. ಇಲ್ಲಿಯವರು ಟೊಪ್ಪಿಗೆ ಮುಂದಕ್ಕೆ ಎಳೆದುಕೊಂಡು ಸುಮ್ಮನೆ ನಡೆಯುತ್ತಾರೆ. ಇಷ್ಟು ನೀರಿನಲ್ಲಿ ಒಂದು ಪಾಲು ನಮ್ಮ ಕಪ್ಪತಗುಡ್ಡದ ಕಡೆ ತಿರುಗಿಸಲು ಬರುವಂತಿದ್ದರೆ ಎಂದು ಲೆಕ್ಕ ಹಾಕುತ್ತ ನಿಂತಾಗ ನನ್ನ ಕಣ್ಣಿಗೆ ಆ ಕೂಸು ಬಿತ್ತು.

ಒಂದು ಕಾಫಿ ಅಂಗಡಿಯ ಹೊರಗೆ, ತಳ್ಳುವ ಬಂಡಿಯಲ್ಲಿ, ಕೆಂಪು ಮೂಗಿನ ಕೂಸೊಂದು ಕಂಬಳಿ ಹೊದ್ದು ಮಲಗಿತ್ತು. ಆಚೀಚೆ ಯಾರೂ ಇಲ್ಲ. ಯಾರೋ ಬಿಟ್ಟು ಹೋಗಿದ್ದಾರೆ ಎಂದು ನನ್ನ ಎದೆ ಧಸಕ್ಕೆಂದಿತು. ಆ ಕಡೆ ಈ ಕಡೆ ನೋಡುವವರೆಲ್ಲ ಮಕ್ಕಳ ಕಳ್ಳರಂತೆ ಕಂಡರು. ರೇಷ್ಮಾ ಒಂದು ಪಕ್ಕ, ನಾನು ಒಂದು ಪಕ್ಕ, ಹೀಗೆ ಅರ್ಧ ತಾಸು ಜಿಟಿಜಿಟಿ ಮಳೆಯಲ್ಲಿ ಕಾವಲು ನಿಂತೆವು. ಕೊನೆಗೆ ಅಂಗಡಿಯೊಳಗಿಂದ ತಾಯಿ ಬಂದಳು. ಸೀರೆಯ ಮೇಲೆ ಎರಡು ಸ್ವೆಟರು ತೊಟ್ಟು ಬಂಡಿಯ ಹಿಡಿಕೆ ಹಿಡಿದು ನಿಂತ ನನ್ನನ್ನು ನೋಡಿ ಅವಳ ಮುಖ ಬಿಳಿಚಿಕೊಂಡಿತು. ಕೂಸನ್ನು ಎತ್ತಿಕೊಂಡು, ನನ್ನನ್ನು ಅಡಿಯಿಂದ ಮುಡಿಯತನಕ ನೋಡಿ, ಬಿರಬಿರನೆ ಹೋದಳು. ಇಲ್ಲಿಯವರು ಕೂಸುಗಳನ್ನು ತಂಪು ಗಾಳಿಯಲ್ಲಿ ಹಾಗೆಯೇ ಮಲಗಿಸುತ್ತಾರೆಂದು ಆಮೇಲೆ ತಿಳಿಯಿತು. ಇಡೀ ಬೀದಿಯಲ್ಲಿ ಅಂದು ಅನುಮಾನಕ್ಕೆ ಕಾರಣವಾದ ಮನುಷ್ಯಳು ನಾನೊಬ್ಬಳೇ.

“ಮೇಡಂ, ಆಕಿ ನಿಮ್ಮನ್ನ ಹೆಂಗ ನೋಡಿದ್ಲರಿ!” ಎಂದು ರೇಷ್ಮಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಪ್ರವಾಸದಲ್ಲಿ ಅವಳು ಹಾಗೆ ನಕ್ಕದ್ದು ಅದೇ ಕೊನೆ.

ಕಡಲ ದಂಡೆಯ ಶಾಲೆ

ಸಭೆ ಇದ್ದದ್ದು ಬರ್ಗೆನ್ನಿನಿಂದ ಎರಡು ತಾಸು ದೂರ, ಗುಡ್ಡಗಳ ನಡುವೆ ಕಡಲು ಒಳನುಗ್ಗಿದ ದಂಡೆಯ ಒಂದು ಸಣ್ಣ ಊರಿನಲ್ಲಿ. ಶಾಲೆಯ ಬಾಗಿಲಲ್ಲೇ ಎಲ್ಲರೂ ಬೂಟು ಬಿಚ್ಚಿ ಇಟ್ಟು ಒಳಗೆ ಹೋದರು. ನಮ್ಮ ಕಡೆ ಮದುವೆ ಮನೆಯಲ್ಲಿ ಬಿಟ್ಟ ಚಪ್ಪಲಿ ತಿರುಗಿ ಕಂಡರೆ ಪುಣ್ಯ. ನಾನು ನನ್ನ ಹೊಸ ಬೂಟುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಗಲಲ್ಲಿ ಇಟ್ಟುಕೊಂಡೇ ಒಳಗೆ ಹೋದೆ. ವಾರವಿಡೀ ಊಟದ ಮೇಜಿನ ಕೆಳಗೂ ಅವು ನನ್ನ ಜೊತೆಗೇ ಇದ್ದವು.

ನಮ್ಮನ್ನು ನೋಡಿಕೊಳ್ಳಲು ಇಂಗ್ರಿಡ್ ಎಂಬ ಹತ್ತೊಂಬತ್ತರ ಹುಡುಗಿಯನ್ನು ಗೊತ್ತು ಮಾಡಿದ್ದರು. ನಮ್ಮ ಖಡಕ್ ರೊಟ್ಟಿ ಕಂಡು ಅವಳು ಹಿರಿಹಿರಿ ಹಿಗ್ಗಿದಳು. ಅವರಲ್ಲೂ ಹಾಗೆಯೇ ತೆಳ್ಳಗೆ ಬೇಯಿಸಿ ತಿಂಗಳುಗಟ್ಟಲೆ ಇಡುವ ರೊಟ್ಟಿ ಇದೆಯಂತೆ, ತಂದು ಮುರಿದು ತೋರಿಸಿದಳು. ಸದ್ದು ನಮ್ಮದೇ. ನಮ್ಮ ಶೇಂಗಾ ಹಿಂಡಿಯ ಖಾರ ಪುಡಿಯನ್ನು ಮಾತ್ರ ಅವಳು ಕಣ್ಣೀರು ಸುರಿಸುತ್ತ ತಿಂದಳು.

ಅವಳೇ ‘ಡುಗ್ನಾಡ್’ ಎಂಬ ಮಾತು ಹೇಳಿಕೊಟ್ಟಳು. ವಸಂತ ಬಂದಾಗ ಓಣಿಯವರೆಲ್ಲ ಒಂದು ದಿನ ಹೊರಗೆ ಬಂದು ಕಸ ಗುಡಿಸಿ, ಬೇಲಿಗೆ ಬಣ್ಣ ಹಚ್ಚಿ, ಕೊನೆಗೆ ಕೂಡಿ ತಿನ್ನುತ್ತಾರಂತೆ. “ಯಾವ ನಾಡರಿ ಇದು ಮೇಡಂ, ಹೆಸರಿನ್ಯಾಗೂ ನಾಡ ಐತಿ” ಎಂದಳು ರೇಷ್ಮಾ. ನಮ್ಮ ರೈತರ ಮುಯ್ಯಾಳಿನ ಹಾಗೆ ಎಂದುಕೊಂಡೆ: ಇಂದು ನೀನು ನನ್ನ ಹೊಲಕ್ಕೆ, ನಾಳೆ ನಾನು ನಿನ್ನ ಹೊಲಕ್ಕೆ. ಆದರೆ ಮುಯ್ಯಾಳಿನಲ್ಲಿ ತಿರುಗಿ ಬರುವುದು ಏನೆಂದು ಗೊತ್ತಿರುತ್ತದೆ. ಇಲ್ಲಿ ರಸ್ತೆ ಗುಡಿಸಿದರೆ ರಸ್ತೆ ಏನು ತಿರುಗಿ ಕೊಡುತ್ತದೆ? ನನಗೆ ನಂಬಿಕೆ ಬರಲಿಲ್ಲ.

“ಮುಂದೆ ಚುನಾವಣೆಗೆ ನಿಲ್ಲುತ್ತೀಯಾ?” ಎಂದು ಇಂಗ್ರಿಡ್‌ಳನ್ನು ಕೇಳಿದೆ. ಇಲ್ಲವಂತೆ. “ಪರೀಕ್ಷೆಯಲ್ಲಿ ಅಂಕ ಸಿಗುತ್ತವೆಯೇ?” ಅದೂ ಇಲ್ಲ. “ಯಾರಾದರೂ ಫೋಟೊ ತೆಗೆಯುತ್ತಾರೆಯೇ?” ಅವಳು ಸ್ವಲ್ಪ ಯೋಚಿಸಿ, “ನನ್ನ ತಮ್ಮ ಬರುವುದು ಕೊನೆಗೆ ಕೊಡುವ ಸಿಹಿ ದೋಸೆಗಾಗಿ. ಎದುರು ಮನೆಯ ಮುದುಕ ಬರುವುದು ಯಾರು ಬಂದಿಲ್ಲ ಎಂದು ನೋಡಲು” ಎಂದಳು. ಇದನ್ನು ಕೇಳಿ ನನ್ನ ಮನಸ್ಸು ಹಗುರಾಯಿತು. ಇವರೂ ನಮ್ಮಂಥವರೇ. “ಮತ್ತೆ ನೀನು?” ಎಂದೆ. “ಎಲ್ಲರೂ ಮಾಡೋಣ ಎಂದರೆ ಯಾರೂ ಮಾಡುವುದಿಲ್ಲ. ಅದಕ್ಕೆ ನಮ್ಮಲ್ಲಿ ಗೋಡೆಗೆ ಒಂದು ಹಾಳೆ ಅಂಟಿಸುತ್ತಾರೆ. ಕೆಲಸದ ಮುಂದೆ ಗೆರೆ ಇರುತ್ತದೆ, ಅದರ ಮೇಲೆ ಹೆಸರು ಬರೆಯಬೇಕು. ನಾನು ಬರೆಯುತ್ತೇನೆ, ಅಷ್ಟೇ” ಎಂದಳು.

ಅಷ್ಟರಲ್ಲಿ ರೇಷ್ಮಾ ಮಂಕಾಗಿದ್ದಳು. ಬಂದ ದಿನ ರಾತ್ರಿ ಎಲ್ಲರಿಗೂ ಒಂದು ಪುಸ್ತಿಕೆ ಕೊಟ್ಟಿದ್ದರು. ಅದರಲ್ಲಿ ಪ್ರತಿಯೊಬ್ಬರ ಹೆಸರು, ಊರು, ಅವರು ಮಾಡಿದ ಕೆಲಸ. ರೇಷ್ಮಾ ತನ್ನ ಪುಟದ ಮೇಲೆ ಬೆರಳಿಟ್ಟು ಓದಿದಳು, ಮತ್ತೊಮ್ಮೆ ಓದಿದಳು, ಮುಚ್ಚಿಟ್ಟಳು. ಅಂದಿನಿಂದ ಸರಿಯಾಗಿ ಉಣ್ಣಲಿಲ್ಲ, ಮಾತಾಡಲಿಲ್ಲ. ಕಿಟಕಿಯಲ್ಲಿ ಕುಳಿತು ಕಡಲು ನೋಡುವಳು. ಏನವಾ ಎಂದರೆ “ಏನಿಲ್ರಿ” ಎನ್ನುವಳು.

ಏನಿಲ್ಲ ಎಂದರೆ ಏನೋ ಇದೆ ಎಂದೇ ನನ್ನ ಲೆಕ್ಕ. ಹೀಗೆ ಸಭೆಗೆಂದು ಬಂದು ತಪ್ಪಿಸಿಕೊಂಡು ಅಲ್ಲೇ ಉಳಿದುಬಿಡುವವರ ಸುದ್ದಿ ನಾನು ಕೇಳಿದ್ದೆ. ಇಲ್ಲೇ ಉಳಿಯುವ ಹಂಚಿಕೆ ಹಾಕಿದ್ದಾಳೆ ಎಂದು ನನ್ನ ಮನಸ್ಸು ಒಂದೇ ಹಟ ಹಿಡಿಯಿತು. ಅವಳು ಸ್ನಾನಕ್ಕೆ ಹೋದಾಗ ಅವಳ ಚೀಲದಿಂದ ಪಾಸ್‌ಪೋರ್ಟ್ ತೆಗೆದು, ನನ್ನ ಬೂಟಿನ ಚೀಲದ ತಳಕ್ಕೆ ಇಟ್ಟೆ.

ಅವರ ಬಸ್ ತಂಗುದಾಣ

ನಾಲ್ಕನೇ ದಿನ ನಮ್ಮನ್ನೂ ಡುಗ್ನಾಡಿಗೆ ಕರೆದರು. ಶಾಲೆಯ ಗೋಡೆಗೆ ಕೆಲಸಗಳ ಹಾಳೆ ಅಂಟಿಸಿದ್ದರು. ಪ್ರತಿ ಕೆಲಸದ ಮುಂದೆ ಎರಡೆರಡು ಗೆರೆ. ರೇಷ್ಮಾ ಮೇಲಿನಿಂದ ಕೆಳಗೆ ಓದಿ, ‘ಬಸ್ ತಂಗುದಾಣ’ ಎಂಬುದರ ಮುಂದೆ ತನ್ನ ಹೆಸರನ್ನು ಬರೆದಳು. ಎರಡನೆಯ ಗೆರೆಯ ಮೇಲೆ ಇಂಗ್ರಿಡ್ ಬರೆದಳು. ನಾನು ಮೇಲ್ವಿಚಾರಣೆಗೆ ಹೋದೆ. ಅಧ್ಯಾಪಕರ ಅಭ್ಯಾಸ.

ಮರದ ಸಣ್ಣ ತಂಗುದಾಣ, ಚಾವಣಿಯ ಮೇಲೆಲ್ಲ ಹಸಿರು ಪಾಚಿ. ಒಳಗೆ ಒಂದು ಬೆಂಚು, ಬೆಂಚಿನ ಮೇಲೆ ಯಾರೋ ಮರೆತು ಹೋದ ಉಣ್ಣೆಯ ಕೈಗವಸು ಎರಡು ದಿನದಿಂದ ಹಾಗೇ ಇದೆಯಂತೆ. ಕಣಿಕಿ ಇಲ್ಲ, ಇಸ್ಪೀಟು ಇಲ್ಲ. ಇಂಗ್ರಿಡ್ ಬಕೆಟ್ಟಿನಲ್ಲಿ ನೀರು ತರಲು ಹೋದಾಗ ರೇಷ್ಮಾ ಬ್ರಷ್ಷು ಕೆಳಗಿಟ್ಟು ನನ್ನ ಮುಂದೆ ಬಂದು ನಿಂತಳು.

“ಮೇಡಂ, ಆ ಪುಸ್ತಕದಾಗ ನನ್ನ ಹೆಸರಿನ ಕೆಳಗ ಬರದದ್ದು ಖರೆ ಅಲ್ರಿ. ನಮ್ಮೂರ ಬಸ್ ಸ್ಟ್ಯಾಂಡ ಹೆಂಗಿತ್ತೋ ಹಂಗ ಐತಿ. ಕಣಿಕಿ ಹಂಗ ಐತಿ, ಇಸ್ಪೀಟ ಹಂಗ ನಡದೈತಿ.”

“ಮತ್ತ ಫೋನಿನ್ಯಾಗ ಆತ್ರಿ ಅಂದೆಲ್ಲಾ?”

“ನೀವು ‘ಬಸ್ ಸ್ಟ್ಯಾಂಡಿನ ಕೆಲಸಾ’ ಅಂತ ಅಷ್ಟ ಅಂದ್ರಿ. ಮಾಡು ಅಂತ ಹೇಳಾಕತ್ತೀರಿ ಅನಕೊಂಡೆ. ಆತ್ರಿ, ಮಾಡ್ತೇನಿ ಅಂತ ಅಂದೆ. ಅರ್ಜಿ ನೀವ ಬರದ್ರಿ, ಮುಂದ ಮಾಡೋರನ್ನ ಕರದಾರ ಅನಕೊಂಡ ಬಂದೆ.”

ನಮ್ಮ ಕಡೆ ‘ಆತು’ ಎಂದರೆ ಮುಗಿಯಿತು ಎಂದೂ ಹೌದು, ಒಪ್ಪಿದೆ ಎಂದೂ ಹೌದು. ಹೆಣ ಸುಟ್ಟು ಬಂದವನೂ ‘ಆತು’ ಎನ್ನುತ್ತಾನೆ, ನಾಳೆ ಮದುವೆಗೆ ಬಾ ಎಂದರೂ ‘ಆತು’ ಎನ್ನುತ್ತಾನೆ. ಎರಡಕ್ಕೂ ನಡುವೆ ಎಷ್ಟು ದೂರ ಎಂದು ಕನ್ನಡ ಕಲಿಸುವ ನನಗೆ ಗೊತ್ತಿರಬೇಕಿತ್ತು. ನನಗೆ ಬೇಕಾದ ಅರ್ಥವನ್ನೇ ನಾನು ಕೇಳಿಸಿಕೊಂಡಿದ್ದೆ.

ಮರುದಿನ ಬೆಳಿಗ್ಗೆ ಸಭೆಯಲ್ಲಿ ಅವಳು ಮಾತಾಡಬೇಕಿತ್ತು. ಆಗ ನನ್ನ ಬಾಯಿಂದ ಬಂದ ಮಾತನ್ನು ಮರೆಮಾಚುವುದಿಲ್ಲ. “ಆಗೇತಿ ಅಂತ ಹೇಳಿಬಿಡವಾ. ಇಲ್ಲಿಂದ ಡೋಣಿ ನೋಡಾಕ ಯಾರ ಬರತಾರ?” ಎಂದೆ. ಜಗತ್ತಿನ ಎಲ್ಲರಲ್ಲೂ ಸುಳ್ಳು ಹುಡುಕಿಕೊಂಡು ಬಂದವಳು ನಾನು.

“ನಾ ನೋಡ್ತೇನಲ್ರಿ, ದಿನಾ” ಎಂದಳು ರೇಷ್ಮಾ. ಬ್ರಷ್ಷು ಎತ್ತಿಕೊಂಡು ಪಾಚಿ ತಿಕ್ಕತೊಡಗಿದಳು. ಸ್ವಲ್ಪ ಹೊತ್ತಾದ ಮೇಲೆ, ನನ್ನ ಕಡೆ ತಿರುಗದೆ, “ಮೇಡಂ, ನನ್ನ ಪಾಸ್‌ಪೋರ್ಟ ನೀವು ತಗದಿಟ್ಟದ್ದು ಗೊತ್ತೈತ್ರಿ. ನೀವ ಇಟ್ಕೋರ್ರಿ. ನಾ ಎಲ್ಲಿ ಹೋಗ್ಲಿ?” ಎಂದಳು. ಆ ಮಾತಿನಲ್ಲಿ ಸಿಟ್ಟೂ ಇರಲಿಲ್ಲ. ಬೈದಿದ್ದರೆ ಸಹಿಸಬಹುದಿತ್ತು.

ಸಭೆ

ರೇಷ್ಮಾಳ ಇಂಗ್ಲಿಷು ಗಟ್ಟಿಯಲ್ಲ. ಸಣ್ಣ ಸಣ್ಣ ವಾಕ್ಯಗಳಲ್ಲಿ ಹೇಳಿದಳು. ನಮ್ಮೂರಿನ ತಂಗುದಾಣದ ಕೆಲಸ ಆಗಿಲ್ಲ. ಮಾಡುತ್ತೇನೆ ಎಂದು ಹೇಳಿದ್ದೆ, ಮಾಡಿಲ್ಲ. ಮಾಡಲು ಹೆದರಿಕೆಯಾಯಿತು, ಯಾಕೆಂದರೆ ಕಣಿಕಿ ದೊಡ್ಡವರದು, ಅವರ ಹೊಲದಲ್ಲಿ ನಮ್ಮವ್ವ ಕೂಲಿಗೆ ಹೋಗುತ್ತಾಳೆ. ಪುಸ್ತಿಕೆಯಲ್ಲಿ ಬರೆದದ್ದು ತಪ್ಪು.

ಇಪ್ಪತ್ತೊಂದು ದೇಶಗಳ ಹುಡುಗರು ಪುಸ್ತಿಕೆ ತೆರೆದು ಅವಳ ಪುಟ ಹುಡುಕಿದರು. ಸಭೆ ನಡೆಸುತ್ತಿದ್ದ ಗಡ್ಡದ ಹಿರಿಯರು ಮೆತ್ತಗೆ ಕೇಳಿದರು: “ಹಾಗಾದರೆ ಅರ್ಜಿಯಲ್ಲಿ ಇದನ್ನು ಬರೆದವರು ಯಾರು?”

ನಾನು ಮೂರನೇ ಸಾಲಿನಲ್ಲಿದ್ದೆ. ಏಳು ಎಂದು ಕಾಲಿಗೆ ಹೇಳಿದೆ. ಬೂಟಿನ ಚೀಲ ಮಡಿಲಲ್ಲಿತ್ತು, ಅದರಲ್ಲಿ ಅವಳ ಪಾಸ್‌ಪೋರ್ಟ್ ಇತ್ತು. ಕಾಲೇಜು, ಪ್ರಿನ್ಸಿಪಾಲರು, ಇಪ್ಪತ್ತಾರು ವರ್ಷದ ನೌಕರಿ, ಎಲ್ಲ ಒಂದರ ಮೇಲೊಂದು ಬಂದು ಕುಳಿತವು.

“ಹೆಸರು ನನ್ನದಿದೆ. ತಪ್ಪು ನನ್ನದು” ಎಂದಳು ರೇಷ್ಮಾ.

ನಾನು ಏಳಲಿಲ್ಲ.

ಯಾರೂ ಅವಳನ್ನು ಬೈಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗೋಡೆಯ ಮೇಲೆ ಎಲ್ಲರ ಚಿತ್ರಗಳ ಸಾಲಿನಲ್ಲಿದ್ದ ಅವಳ ಚಿತ್ರವನ್ನೂ ಅವಳ ಊರಿನ ಹೆಸರನ್ನೂ ತೆಗೆದಿದ್ದರು. ಅಲ್ಲಿ ನಾಲ್ಕು ಮೊಳೆಗಳು ಉಳಿದಿದ್ದವು. ಹೊರಡುವ ದಿನ ಇಂಗ್ರಿಡ್ ಒಂದು ಖಾಲಿ ಕೆಲಸದ ಹಾಳೆ ತಂದು ರೇಷ್ಮಾಳ ಕೈಗಿಟ್ಟು, “ಮುಗಿದಾಗ ತಿಳಿಸು” ಎಂದಳು, ಅಷ್ಟೇ. ನಾನು ಬಾಗಿಲಲ್ಲಿ ಬೂಟು ಹಾಕಿಕೊಳ್ಳುವಾಗ ಸುತ್ತ ನೋಡಿದೆ. ವಾರವಿಡೀ ಅಲ್ಲೇ ಬಿಟ್ಟಿದ್ದ ನೂರಾರು ಬೂಟುಗಳಲ್ಲಿ ಒಂದೂ ಕಳುವಾಗಿರಲಿಲ್ಲ. ಆ ವಾರ ಆ ಶಾಲೆಯಲ್ಲಿ ಕಳುವಾದ ಒಂದೇ ವಸ್ತು ರೇಷ್ಮಾಳ ಪಾಸ್‌ಪೋರ್ಟ್. ಅಲ್ಲಿಯೇ ಅವಳ ಕೈಗೆ ಕೊಟ್ಟೆ. ಕ್ಷಮಿಸು ಎನ್ನುವ ಬದಲು ಬೂಟಿನ ದಾರ ಕಟ್ಟುತ್ತ ಕುಳಿತೆ.

ಡೋಣಿ

ಊರಿಗೆ ಬಂದ ರೇಷ್ಮಾ ತಂದೆಗೆ ಎಲ್ಲ ಹೇಳಿಬಿಟ್ಟಳಂತೆ, ಅರ್ಜಿ ಬರೆದವಳು ನಾನು ಎಂಬುದೊಂದನ್ನು ಬಿಟ್ಟು. ಅಲ್ಲಿಂದ ಊರಿಗೇ ಗೊತ್ತಾಯಿತು. ಶಾಲೆ ಸುರುವಾಗಲು ಎಂಟು ದಿನ ಇರುವಾಗ ಫೋನು ಮಾಡಿ, “ಕೆಲಸಾ ಸುರು ಮಾಡೇನ್ರಿ ಮೇಡಂ. ಒಬ್ಬಾಕಿನ ಇದೇನಿ” ಎಂದಳು. ಫೋನಿನಲ್ಲಿ ಏನನ್ನೂ ನಂಬಬಾರದು ಎಂದು ಕಲಿತಿದ್ದೆ. ಭಾನುವಾರ ಬೆಳಿಗ್ಗೆ ಡೋಣಿಯಲ್ಲಿ ಬಸ್ ಇಳಿದೆ.

ರೇಷ್ಮಾ ಒಂದು ಗೋಡೆಗೆ ಸುಣ್ಣ ಹಚ್ಚಿದ್ದಳು, ಕೈ ಮುಟ್ಟುವಷ್ಟು ಎತ್ತರಕ್ಕೆ ಮಾತ್ರ. ಬಣವಿ ಇದ್ದಲ್ಲೇ ಇತ್ತು. ನಾಲ್ವರು ಇಸ್ಪೀಟು ಆಡುತ್ತಿದ್ದರು. ಹಸಿ ಗೋಡೆಯ ಪಕ್ಕ ಇಂಗ್ರಿಡ್ ಕೊಟ್ಟ ಹಾಳೆ ಅಂಟಿಸಿತ್ತು. ಮೊದಲ ಗೆರೆಯ ಮೇಲೆ ಕನ್ನಡದಲ್ಲಿ ‘ರೇಷ್ಮಾ’. ಎರಡನೆಯದು ಖಾಲಿ.

ಕಣಿಕಿಯ ಒಡೆಯ ಶಿವಪ್ಪ ಇಸ್ಪೀಟಿನ ಎಲೆ ಹಾಕುತ್ತ ನನ್ನನ್ನು ನೋಡಿ ನಕ್ಕರು. “ಬರ್ರಿ ಬಾಯಾರ, ಕುಂಡ್ರಿ. ನಿಮ್ಮ ಹುಡಿಗಿ ಸುಳ್ಳ ಬರದ ಫಾರಿನ್ನಿಗೆ ಹೋಗಿ, ನಮ್ಮೂರ ಮಾನಾ ಕಳಕೊಂಡ ಬಂದಾಳ. ಇಂಥಾಕಿ ಮಾತ ಕೇಳಿ ನಾ ಕಣಿಕಿ ತಗೀಲೇನು? ನಮ್ಮ ಮೊಮ್ಮಗಳ್ನ ಕಾಲೇಜಿಗೆ ಹಚ್ಚಬೇಕಂತ ಮಾಡಿದ್ದೆ. ಈಗ ಬ್ಯಾಡಂದೇನಿ.”

ರೇಷ್ಮಾ ಸುಣ್ಣದ ಡಬ್ಬಿಯಲ್ಲಿ ಬ್ರಷ್ಷು ಅದ್ದಿದಳು, ನನ್ನ ಹೆಸರು ಎತ್ತಲಿಲ್ಲ. ನನ್ನ ತಪ್ಪನ್ನು ಅವಳು ಹೀಗೆ ಹೊತ್ತದ್ದನ್ನು ನಾನು ಮೊದಲೇ ನೋಡಿದ್ದೆ. ಈ ಸಲ ಕೂರಲು ನನಗೆ ಮೂರನೇ ಸಾಲು ಇರಲಿಲ್ಲ.

“ಸುಳ್ಳ ಬರದಾಕಿ ನಾನರಿ” ಎಂದೆ. “ಆಕಿ ಆತ್ರಿ ಮಾಡ್ತೇನಿ ಅಂದ್ಲು. ನಾನು ಆಗೇತಿ ಅಂತ ಬರದೆ. ನನಗ ಫಾರಿನ್ ನೋಡಬೇಕಾಗಿತ್ತು. ಅಲ್ಲಿ ಎಲ್ಲಾರ ಮುಂದ ತಪ್ಪ ತನ್ನ ಮ್ಯಾಲ ತಗೊಂಡಾಕಿ ಈಕಿ. ಬಾಯಿ ಮುಚ್ಚಕೊಂಡ ಕುಂತಾಕಿ ನಾನು. ಮಾನಾ ಹೋಗಿದ್ರ ನಂದ ಹೋಗೇತಿ, ನಿಮ್ಮೂರದ್ದಲ್ಲ.”

ಎಲೆ ಹಾಕುವ ಕೈಗಳು ನಿಂತವು. ನಾನು ಚೀಲದಿಂದ ಪೆನ್ನು ತೆಗೆದು, ಎರಡನೆಯ ಗೆರೆಯ ಮೇಲೆ ನನ್ನ ಹೆಸರು ಬರೆದೆ. ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ರೇಷ್ಮಾ ನನ್ನನ್ನು ನೋಡಿದಳು. ಒಂದು ಬ್ರಷ್ಷು ನನ್ನ ಕಡೆ ಚಾಚಿದಳು.

ಶಿವಪ್ಪ ಆ ಹಾಳೆಯನ್ನು ನೋಡಿದರು. ಕೈಯಲ್ಲಿದ್ದ ಎಲೆಗಳನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು. ಕೆಮ್ಮಿದರು.

“ಆತ್ ತಗೋರ್ರಿ” ಎಂದರು.

ನಾನೂ ರೇಷ್ಮಾಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬರ್ಗೆನ್ನಿನ ಆ ಬೀದಿಯ ನಂತರ ಮೊದಲ ಸಲ ಅವಳ ಮುಖದಲ್ಲಿ ನಗೆ ಕಂಡಿತು.

“ಯಾವ ಆತರಿ ಕಾಕಾ?” ಎಂದು ಕೇಳಿದಳು.

ಶಿವಪ್ಪ ಟವೆಲ್ಲನ್ನು ತಲೆಗೆ ಸುತ್ತಿಕೊಂಡು, ಬಣವಿಯ ಕಡೆ ನಡೆದು, ಬಗ್ಗಿ ಕಣಿಕಿಯ ಮೊದಲ ಸಿವುಡನ್ನು ಎತ್ತಿದರು. ಅದು ತಂಗುದಾಣದ ಹೊರಗೆ ಬೀಳುವ ತನಕ ನಾನು ಬ್ರಷ್ಷನ್ನು ಸುಣ್ಣಕ್ಕೆ ಅದ್ದಲಿಲ್ಲ.